ಮಾರ್ಜಿನ್ ಇಳಿಯುವ ಸಂಜೆಗಳು: ಬೆಳಗಾವಿ ಶಹಾಪುರದ ಟಿಪ್ಪಣಿಗಳು

ಮಿರಗದ ಮಳೆಗೆ ಮುಂಚಿನ ವಾರ

ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ, ಫೋನ್ ತಂತಿಯಲ್ಲಿ ನೆಟ್ ತರುವ ಡಿಎಸ್‌ಎಲ್ ಮೋಡೆಮ್ಮಿನ ಒಳಪುಟ ತೆರೆದುಕೊಳ್ಳುತ್ತದೆ. ಬಹಳ ಮನೆಗಳಲ್ಲಿ ಅದು ತೆರೆಯುವುದು ಒಂದೇ ಸಲ. ಸಂಪರ್ಕ ಕೊಡಲು ಬಂದ ಹುಡುಗ ವಿಪಿಐ 0, ವಿಸಿಐ 35 ಎಂದು ತುಂಬಿ, ಗಿರಾಕಿಯ ಹೆಸರು, ಪಾಸ್‌ವರ್ಡ್ ಹಾಕಿ, ದೀಪ ಹತ್ತಿದ್ದು ನೋಡಿ ಚಹಾ ಕುಡಿದು ಹೋಗುತ್ತಾನೆ. ಆಮೇಲೆ ಆ ಪುಟದ ನೆನಪು ಯಾರಿಗೂ ಇರುವುದಿಲ್ಲ. ನೆಟ್ ನಿಂತರೆ ಮೋಡೆಮ್ ಆರಿಸಿ ಮತ್ತೆ ಹಚ್ಚುತ್ತಾರೆ, ಅಷ್ಟೇ. ಆದರೆ ಅಲ್ಲಿ 'ಡಿಎಸ್‌ಎಲ್ ಸ್ಟೇಟಸ್' ಅಂತ ಒಂದು ಪಟ್ಟಿ ಇದೆ. ಅದನ್ನು ನೋಡಿದಾಗಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ.

ಇವತ್ತು ಮಧ್ಯಾಹ್ನ, ಒಣ ಹವೆಯಲ್ಲಿ ಕಂಡ ಅಂಕಿಗಳು: ಡೌನ್‌ಸ್ಟ್ರೀಮ್ 4096 ಕೆಬಿಪಿಎಸ್, ಅಪ್‌ಸ್ಟ್ರೀಮ್ 512. ಎಸ್‌ಎನ್‌ಆರ್ ಮಾರ್ಜಿನ್ ಡೌನ್‌ಸ್ಟ್ರೀಮಿಗೆ 19.5 ಡೆಸಿಬೆಲ್, ಅಪ್‌ಸ್ಟ್ರೀಮಿಗೆ 22. ಅಟೆನ್ಯುಯೇಶನ್ 38 ಮತ್ತು 21. ಕೆಳಗೆ ಎಫ್‌ಇಸಿ, ಸಿಆರ್‌ಸಿ, ಎಚ್‌ಇಸಿ ಎಂದು ತಪ್ಪು ಎಣಿಸುವ ಮೂರು ಸಾಲು, ಎದುರಿಗೆ ಏರುತ್ತಲೇ ಹೋಗುವ ಸಂಖ್ಯೆಗಳು.

ಮಳೆ ಹಿಡಿದ ಮೇಲೆ ತಾಳೆ ನೋಡಬೇಕೆಂದು ಇವನ್ನು ಬರೆದಿಟ್ಟಿದ್ದೇನೆ.

ಮರುದಿನ

ನಮ್ಮ ಗಲ್ಲಿಯಲ್ಲಿ ಎಲ್ಲರೂ ನೋಡುವುದು ಮೊದಲ ಸಾಲನ್ನು, ಅಂದರೆ ವೇಗವನ್ನು. ಆ ಸಾಲು ಹೇಳುವುದು ಬಹಳ ಕಡಿಮೆ. 4096 ಎಂಬುದು ಎಕ್ಸ್‌ಚೇಂಜಿನಲ್ಲಿ ನಮ್ಮ ಯೋಜನೆಗೆ ತಕ್ಕಂತೆ ಹಾಕಿಟ್ಟ ಮಿತಿ. ತಂತಿಗೆ ಇನ್ನೂ ಹೆಚ್ಚು ಹೊರುವ ತಾಕತ್ತಿದ್ದರೂ ಅಲ್ಲಿಗೇ ನಿಲ್ಲುತ್ತದೆ. ತಂತಿ ಸೊರಗಿದರೂ ಒಂದು ಹಂತದ ತನಕ ಅದೇ 4096 ತೋರಿಸುತ್ತದೆ. ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಸಂಪರ್ಕ ಕಡಿದುಬೀಳುವ ಹಿಂದಿನ ನಿಮಿಷದಲ್ಲೂ ಅಷ್ಟೇ. ಸರಕಾರದ 2004ರ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುತ್ತಿತ್ತು, 2013ರಲ್ಲಿ ಅದನ್ನು 512ಕ್ಕೆ ಏರಿಸಿದರು. ನಾವೆಲ್ಲ ವೇಗವನ್ನೇ ಅಳೆಯಲು ಕಲಿತದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ತಂತಿಯ ನಿಜವಾದ ಸ್ಥಿತಿ ತಿಳಿಯುವುದು ಕೆಳಗಿನ ಸಾಲುಗಳಿಂದ.

ಅಟೆನ್ಯುಯೇಶನ್ ಅಂದರೆ ದಾರಿಯಲ್ಲಿ ಕರಗಿಹೋದದ್ದು. ಹತ್ತು ಡೆಸಿಬೆಲ್ ಎಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು, ಇಪ್ಪತ್ತು ಎಂದರೆ ನೂರರಲ್ಲಿ ಒಂದು, ಮೂವತ್ತು ಎಂದರೆ ಸಾವಿರದಲ್ಲಿ ಒಂದು. ನಮ್ಮ 38 ಎಂದರೆ, ಎಕ್ಸ್‌ಚೇಂಜಿನಲ್ಲಿ ಹಾಕಿದ ಶಕ್ತಿಯಲ್ಲಿ ಸುಮಾರು ಆರು ಸಾವಿರದ ಮುನ್ನೂರರಲ್ಲಿ ಒಂದು ಪಾಲು ಮಾತ್ರ ನಮ್ಮ ಪಡಸಾಲೆಗೆ ಬಂದು ಮುಟ್ಟುತ್ತದೆ. ಅಷ್ಟರಲ್ಲೇ ಚಿತ್ರ, ಹಾಡು, ರೇಲ್ವೆ ಟಿಕೆಟ್ಟು, ಮಗಳ ಫಲಿತಾಂಶ, ಎಲ್ಲವೂ ಬರಬೇಕು.

ಮಾರ್ಜಿನ್ ಬೇರೆ. ಮಲಪ್ರಭೆಗೆ ಮಹಾಪೂರ ಬಂದಾಗ ಖಾನಾಪುರದ ಸೇತುವೆ ಮೇಲೆ ನಿಂತವರು ನೀರು ಎಷ್ಟು ಹರಿಯುತ್ತಿದೆ ಎಂದು ಕೇಳುವುದಿಲ್ಲ, ಸೇತುವೆಗೆ ಇನ್ನೂ ಎಷ್ಟು ಅಂತರ ಇದೆ ಎಂದು ಕೇಳುತ್ತಾರೆ. ಮಾರ್ಜಿನ್ ಆ ಅಂತರ. ಗದ್ದಲ ಇನ್ನೆಷ್ಟು ಏರಿದರೆ ಸಂಪರ್ಕ ಮುಳುಗುತ್ತದೆ ಎಂಬ ಲೆಕ್ಕ. ಸಾಧಾರಣವಾಗಿ ಆರು ಡೆಸಿಬೆಲ್ ಇಟ್ಟುಕೊಂಡು ಮೋಡೆಮ್ ಶುರುವಾಗುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಅಪಾಯ, ಸೊನ್ನೆಯ ಹತ್ತಿರ ಬಂದರೆ ಕೈ ಬಿಡುತ್ತದೆ.

ಹಾಗಾದರೆ 19.5 ಇರುವ ಮನೆಯಲ್ಲಿ ಸಂಜೆಯಾದರೆ ನೆಟ್ ತಡವರಿಸುವುದು ಏಕೆ? ನನ್ನ ಪ್ರಶ್ನೆ ಇದು.

ಮಿರಗ ಹೊಕ್ಕ ಮೇಲೆ

ಮೋಡ ಕವಿದಿದೆ, ಮಳೆ ಇನ್ನೂ ಇಲ್ಲ. ದೂರದ ಲೆಕ್ಕ ಮಾಡುತ್ತ ಕೂತೆ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಜೋಡಿತಂತಿಯಲ್ಲಿ ಈ ಅಟೆನ್ಯುಯೇಶನ್ ಕಿಲೋಮೀಟರಿಗೆ 13.8 ಡೆಸಿಬೆಲ್ ಆಸುಪಾಸು. 38ನ್ನು ಅದರಿಂದ ಭಾಗಿಸಿದರೆ ಎರಡೂಮುಕ್ಕಾಲು ಕಿಲೋಮೀಟರ್. ನಮ್ಮ ಮನೆಯಿಂದ ಎಕ್ಸ್‌ಚೇಂಜಿಗೆ ನಡೆದರೆ ಅಷ್ಟು ದೂರ ಇಲ್ಲ. ಆದರೆ ತಂತಿ ನಮ್ಮಂತೆ ಒಳದಾರಿ ಹಿಡಿಯುವುದಿಲ್ಲ. ಎಕ್ಸ್‌ಚೇಂಜಿನಿಂದ ದಪ್ಪ ಕೇಬಲ್ ನೆಲದಡಿ ಬಂದು ಪಿಲ್ಲರಿಗೆ ಸೇರುತ್ತದೆ. ಅಲ್ಲಿಂದ ಸಣ್ಣ ಕೇಬಲ್ ಗಲ್ಲಿಗಳನ್ನು ಬಳಸಿ ಕಂಬದ ಮೇಲಿನ ಡಿಪಿ ಬಾಕ್ಸಿಗೆ ಬರುತ್ತದೆ. ಡಿಪಿಯಿಂದ ಡ್ರಾಪ್ ವೈರ್ ಮನೆಗೆ. ಕಪಿಲೇಶ್ವರದ ಕಡೆಯಿಂದ ಶಹಾಪುರಕ್ಕೆ ಬರಲು ರೇಲ್ವೆ ಹಳಿ ದಾಟಬೇಕಲ್ಲ, ಕೇಬಲಿಗೂ ಹಾಗೇ ಎಲ್ಲೋ ಸುತ್ತು ಬಿದ್ದಿರಬೇಕು. ತಂತಿ 0.4 ಮಿಲಿಮೀಟರಿನದಾದರೆ ಮತ್ತೆ ಲೆಕ್ಕ ಬದಲು: ತೆಳು ತಂತಿ ಹೆಚ್ಚು ನುಂಗುತ್ತದೆ, ಹಾಗಾಗಿ ದೂರ ಕಡಿಮೆ ಇದ್ದೀತು. ಒಂದೇ ಅಂಕಿಯಲ್ಲಿ ದೂರ, ದಪ್ಪ ಎರಡೂ ಸೇರಿಕೊಂಡಿವೆ, ಬಿಡಿಸಿ ನೋಡಲು ಆಗುವುದಿಲ್ಲ.

ಈ ತಂತಿ ಹಾಕಿದ್ದು ಮಾತಿಗೆ, ದತ್ತಾಂಶಕ್ಕಲ್ಲ. ಮನುಷ್ಯನ ದನಿಗೆ 4 ಕಿಲೋಹರ್ಟ್ಸ್ ಒಳಗಿನ ಜಾಗ ಸಾಕು. ಅದರ ಮೇಲಿನದೆಲ್ಲ ದಶಕಗಟ್ಟಲೆ ಖಾಲಿ ಬಿದ್ದಿತ್ತು. ಮನೆಗೆ ಬರುವುದು ಹೆಚ್ಚು, ಮನೆಯಿಂದ ಹೋಗುವುದು ಕಡಿಮೆ, ಹಾಗಾಗಿ ಎರಡಕ್ಕೂ ಸಮಪಾಲು ಬೇಡ ಎಂದು ಯೋಚಿಸಿದವರು ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್. ಖಾಲಿ ಜಾಗವನ್ನು ನೂರಾರು ಸಣ್ಣ ಟೋನುಗಳಾಗಿ ಕತ್ತರಿಸಿ ಒಂದೊಂದರ ಮೇಲೂ ಅದರ ಶಕ್ತಿಗೆ ತಕ್ಕಷ್ಟೇ ಭಾರ ಹೇರುವ ವಿಧಾನವನ್ನು ಗಟ್ಟಿಗೊಳಿಸಿದವರು ಸ್ಟ್ಯಾನ್‌ಫರ್ಡಿನ ಜಾನ್ ಚಿಯೋಫಿ. ನಮ್ಮ ಮೋಡೆಮ್ ಎಡಿಎಸ್‌ಎಲ್2+, 2003ರ ಮಾನಕ. 2208 ಕಿಲೋಹರ್ಟ್ಸ್ ತನಕ 512 ಟೋನುಗಳು, ಒಂದೊಂದರ ನಡುವೆ 4.3125 ಕಿಲೋಹರ್ಟ್ಸ್. ಒಂದು ಟೋನು ಒಂದು ಸಲಕ್ಕೆ ಹೆಚ್ಚೆಂದರೆ 15 ಬಿಟ್ ಹೊರುತ್ತದೆ. ಸೊರಗಿದ ಟೋನಿಗೆ ಎರಡೋ ಮೂರೋ, ಸತ್ತದ್ದಕ್ಕೆ ಸೊನ್ನೆ.

ಭಾರತದಲ್ಲಿ 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್‌ನ ಡೇಟಾಒನ್ ಶುರುವಾಯಿತು. ಹೊಸ ಕೇಬಲ್ ಎಳೆಯದೆ, ಇದ್ದ ತಾಮ್ರದ ಮೇಲೆಯೇ ಊರೂರಿಗೆ ನೆಟ್ ಮುಟ್ಟಿತು. ಇದು ಸಣ್ಣ ಕೆಲಸವೇ ಅಲ್ಲ. ಈಗಿನ ಹುಡುಗರಿಗೆ ಆ ಬೆರಗು ತಿಳಿಯಲಿಕ್ಕಿಲ್ಲ.

ಅದೇ ವಾರ, ಚುಟುಕಾಗಿ

ದೀಪಗಳ ಬಗ್ಗೆ. ಡಿಎಸ್‌ಎಲ್ ದೀಪ ಮಿನುಗುತ್ತಿದ್ದರೆ ಮೋಡೆಮ್ ಇನ್ನೂ ಎಕ್ಸ್‌ಚೇಂಜಿನ ಯಂತ್ರದ ಜೊತೆ ಮಾತು ಹೊಂದಿಸುತ್ತಿದೆ, ಟೋನುಗಳನ್ನು ಒಂದೊಂದಾಗಿ ಅಳೆಯುತ್ತಿದೆ. ದೀಪ ನಿಂತು ಉರಿದರೆ ತಂತಿಯ ಕೆಲಸ ಮುಗಿಯಿತು. ಆಗಲೂ ಇಂಟರ್ನೆಟ್ ದೀಪ ಕೆಂಪಗಿದ್ದರೆ ಪಾಸ್‌ವರ್ಡಿನದೋ ಲಾಗಿನ್ನಿನದೋ ತೊಂದರೆ, ತಂತಿ ಮುಟ್ಟಬೇಕಾಗಿಲ್ಲ. ಎರಡು ದೀಪ ಬೇರೆ ಬೇರೆ ಎಂದು ಗೊತ್ತಿದ್ದರೆ ದೂರು ಹೇಳುವಾಗ ಅರ್ಧ ಕೆಲಸ ಉಳಿಯುತ್ತದೆ.

ಆರಿದ್ರಾ

ಹಿಡಿದ ಮಳೆ ಬಿಟ್ಟಿಲ್ಲ. ಬೆಳಗಾವಿಯ ಮಳೆ ಇದು, ಅಬ್ಬರವಿಲ್ಲದೆ ದಿನವಿಡೀ ಜಿನುಗುತ್ತದೆ. ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ.

ಮಾರ್ಜಿನ್ 8. ಮಧ್ಯಾಹ್ನವೇ. ಅಟೆನ್ಯುಯೇಶನ್ 38 ಇದ್ದದ್ದು 43 ಆಗಿದೆ. ನೆಲದಡಿಯ ದೂರ ಬೆಳೆಯಲಾರದು. ಅಂದರೆ ಎಲ್ಲೋ ಒಂದು ಜಾಯಿಂಟಿನಲ್ಲಿ ನೀರು. ಫೋನೆತ್ತಿ ಕಿವಿಗಿಟ್ಟರೆ ಕರಕರ ಸದ್ದು.

ಇಷ್ಟರ ತನಕ ಅರ್ಥವಾಗುತ್ತದೆ. ಅರ್ಥವಾಗದ್ದು ಇದು: ಸಂಪರ್ಕ ಕಡಿದು ಡಿಎಸ್‌ಎಲ್ ದೀಪ ಮಿನುಗುತ್ತ ಕೂತಿತ್ತು. ಯಾರೋ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು. ಗಂಟೆ ಬಾರಿಸಿತು. ನಾನು ಎತ್ತುವ ಮುಂಚೆಯೇ ನಿಂತಿತು. ಸ್ವಲ್ಪ ಹೊತ್ತಿಗೆ ದೀಪ ಸ್ಥಿರವಾಯಿತು, ಮಾರ್ಜಿನ್ 14. ಒಂದು ತಾಸು ಚೆನ್ನಾಗಿತ್ತು, ಆಮೇಲೆ ಮೆಲ್ಲನೆ 11, 9, 7 ಎಂದು ಇಳಿದು ಮತ್ತೆ ಕಡಿಯಿತು. ಮೊಬೈಲಿನಿಂದ ನಾನೇ ಲ್ಯಾಂಡ್‌ಲೈನಿಗೆ ರಿಂಗ್ ಕೊಟ್ಟೆ. ಮತ್ತೆ ಏರಿತು.

ಗಂಟೆಗೂ ನೆಟ್ಟಿಗೂ ಏನು ಸಂಬಂಧ? ಸ್ಪ್ಲಿಟರ್ ಹಾಕಿದ್ದೇ ಇವೆರಡು ಒಂದಕ್ಕೊಂದು ತಾಗದಿರಲಿ ಎಂದು.

ಆರಿದ್ರಾ, ಬಿಸಿಲು ಬಿದ್ದ ದಿನ

ಲೈನ್‌ಮನ್ ಕಾಕಾ ಬಂದಿದ್ದರು. ನನ್ನ ಹಾಳೆ ತೋರಿಸಿದೆ. ಓದಿ, "ಗಂಟಿ ಬಾರಿಸಿದ ಕೂಡಲೇ ಏರತೈತಿ ಅಂತ ಬರದೀರಲ್ಲ, ಅಲ್ಲೇ ಐತಿ ನೋಡ್ರಿ ಉತ್ತರ. ಜಾಯಿಂಟ್ ನೀರು ಕುಡದೈತಿ," ಅಂದರು.

ಅವರ ಜೊತೆ ಡಿಪಿಯ ತನಕ ಹೋದೆ. ಏಣಿ ಏರಿ ಬಾಕ್ಸ್ ತೆರೆದು, ಕೆಳಗಿನ ಜಾಯಿಂಟನ್ನೂ ಬಿಡಿಸಿದರು. ಜೆಲ್ಲಿ ತುಂಬಿದ ಕೇಬಲ್. ಒಳಗೆ ವ್ಯಾಸಲೀನಿನಂಥ ಜಿಡ್ಡು, ನೀರು ಹೊಗದಿರಲಿ ಎಂದು ತುಂಬಿರುತ್ತಾರೆ. ಜಿಡ್ಡು ಒರೆಸಿದಂತೆ ಬಣ್ಣಗಳು ಕಾಣತೊಡಗಿದವು: ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು, ಜೋಡಿ ಜೋಡಿಯಾಗಿ ಹೊಸೆದುಕೊಂಡವು. ನಮ್ಮ ಪೇರ್ ಬಿಳಿ-ಹಸಿರು. ಅದನ್ನು ಎಂದೋ ಯಾರೋ ಬರಿಗೈಲಿ ತಿರುವಿ ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ತಾಮ್ರದ ಮೇಲೆ ಕಿಲುಬು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವಷ್ಟು.

ಕಾಕಾ ಹೇಳಿದ್ದನ್ನು ನನ್ನ ಓದಿನ ಜೊತೆ ಸೇರಿಸಿ ಬರೆದಿಡುತ್ತೇನೆ. ಕಿಲುಬು ಹಿಡಿದ ಜಾಯಿಂಟಿನಲ್ಲಿ ಎರಡು ತಂತಿಗಳ ನಡುವೆ ತೆಳುವಾದ ಪೊರೆ ಬೆಳೆಯುತ್ತದೆ. ಡಿಎಸ್‌ಎಲ್ ಸಂಕೇತ ಬಹಳ ಕ್ಷೀಣ, ಆ ಪೊರೆಯನ್ನು ಭೇದಿಸುವ ಬಲ ಅದಕ್ಕಿಲ್ಲ. ಗಂಟೆ ಬಾರಿಸಲು ಎಕ್ಸ್‌ಚೇಂಜು ಕಳಿಸುವುದು 75 ವೋಲ್ಟಿನ ಆಸುಪಾಸಿನ ಎಸಿ. ಅದು ಪೊರೆಯನ್ನು ಸುಟ್ಟು ದಾರಿ ಮಾಡುತ್ತದೆ. ಸ್ವಲ್ಪ ಹೊತ್ತು ತಾಮ್ರಕ್ಕೆ ತಾಮ್ರ ತಾಗಿರುತ್ತದೆ, ಆಮೇಲೆ ತೇವದಲ್ಲಿ ಪೊರೆ ಮತ್ತೆ ಕಟ್ಟುತ್ತದೆ. ರಿಸೀವರ್ ಎತ್ತಿದರೂ ಅಷ್ಟೇ, ತಂತಿಯಲ್ಲಿ ಒಂದಿಷ್ಟು ಕರೆಂಟು ಹರಿಯುತ್ತದೆ. ಫೋನ್ ಹೆಚ್ಚು ಬಳಸುವ ಮನೆಯಲ್ಲಿ ಇಂಥ ಜಾಯಿಂಟ್ ಬಹಳ ದಿನ ಮರೆಯಾಗಿ ಇರಬಲ್ಲದು. ಎಲ್ಲರೂ ಮೊಬೈಲ್ ಹಿಡಿದ ಮೇಲೆ ಲ್ಯಾಂಡ್‌ಲೈನ್ ಬಾರಿಸುವುದೇ ಅಪರೂಪ, ಹಾಗಾಗಿ ಈ ರೋಗ ಈಗ ಹೆಚ್ಚು ಎದ್ದು ಕಾಣುತ್ತಿರಬೇಕು.

ಕಾಕಾ ಕಿಲುಬು ಹಿಡಿದಷ್ಟು ತಂತಿ ಕತ್ತರಿಸಿ, ಯುವೈ ಕನೆಕ್ಟರ್ ಒತ್ತಿ ಕೂಡಿಸಿದರು. ಬಟಾಣಿ ಗಾತ್ರದ್ದು, ಒಳಗೆ ಅದಕ್ಕೂ ಜೆಲ್ಲಿ. "ಈಗ ನೋಡ್ರಿ," ಅಂದರು. ಮನೆಗೆ ಬಂದು ನೋಡಿದರೆ ಅಟೆನ್ಯುಯೇಶನ್ ಮತ್ತೆ 38, ಮಾರ್ಜಿನ್ 19.

ನೂರಾರು ಪೇರ್‌ಗಳ ನಡುವೆ ಬಣ್ಣ ಗುರುತಿಸಿ, ಮಳೆಯಲ್ಲಿ ಏಣಿ ಏರಿ ಕೈಯಿಂದ ಮುಟ್ಟಿ ತಿಳಿದುಕೊಂಡ ಈ ವಿದ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಕಾಕಾ ನಿವೃತ್ತಿಯಾದ ಮೇಲೆ ಇದನ್ನು ಯಾರ ಬಳಿ ಕೇಳುವುದು?

ಪುನರ್ವಸು

ಮಳೆಯ ಭಾಗ ಬಗೆಹರಿಯಿತು, ಸಂಜೆಯ ಭಾಗ ಹಾಗೇ ಉಳಿದಿದೆ. ಮಳೆ ಇಲ್ಲದ ದಿನವೂ ದೀಪ ಹಚ್ಚುವ ಹೊತ್ತಿಗೆ ಮಾರ್ಜಿನ್ ಇಳಿಯತೊಡಗುತ್ತದೆ. ಮಧ್ಯಾಹ್ನ 19 ಇದ್ದದ್ದು ರಾತ್ರಿ ಊಟದ ಹೊತ್ತಿಗೆ 15. ತಡರಾತ್ರಿ ಸ್ವಲ್ಪ ಚೇತರಿಕೆ. ಬೆಳಕು ಹರಿದ ಮೇಲೆ ಮತ್ತೆ ಮೊದಲಿನ ಮಟ್ಟ. ಅಟೆನ್ಯುಯೇಶನ್ ಮಾತ್ರ ಕದಲುವುದಿಲ್ಲ. ತಂತಿ ಕೆಟ್ಟಿಲ್ಲ, ಗದ್ದಲ ಏರುತ್ತಿದೆ.

ಯಾವ ಗದ್ದಲ? ನನ್ನ ಮೊದಲ ಗುಮಾನಿ ಮಗ್ಗಗಳ ಮೇಲೆ. ಶಹಾಪುರ, ವಡಗಾವಿ, ಖಾಸಬಾಗ, ಇವು ನೇಕಾರರ ಊರುಗಳು. ಶಹಾಪುರದ ಸೀರೆ ಒಂದು ಕಾಲಕ್ಕೆ ಕೈಮಗ್ಗದ್ದು, ಈಗ ಬಹುಪಾಲು ಪವರ್‌ಲೂಮು. ನಮ್ಮ ಹಿತ್ತಿಲ ಗೋಡೆಯ ಆಚೆಗೇ ಒಂದು ಶೆಡ್ಡು. ಕರೆಂಟಿನಿಂದ ಓಡುವ ಮೋಟಾರು, ಸ್ವಿಚ್ಚಿನ ಕಿಡಿ, ಹಳೇ ಚೋಕಿನ ಟ್ಯೂಬ್‌ಲೈಟು, ಇವೆಲ್ಲ ಗಾಳಿಯಲ್ಲಿ ಗದ್ದಲ ಹರಡುತ್ತವೆ, ತಂತಿ ಅದನ್ನು ಹಿಡಿದುಕೊಳ್ಳುತ್ತದೆ.

ಆದರೆ ಮಗ್ಗ ಮಧ್ಯಾಹ್ನವೂ ಓಡುತ್ತದಲ್ಲ? ಮಧ್ಯಾಹ್ನ 19 ಇದೆಯಲ್ಲ?

ಪುಷ್ಯ

ಟೆಲ್‌ನೆಟ್ ಮೂಲಕ ಮೋಡೆಮ್ಮಿನೊಳಗೆ ಹೊಕ್ಕರೆ ಇನ್ನೊಂದು ಪಟ್ಟಿ ಸಿಗುತ್ತದೆ, ಒಂದೊಂದು ಟೋನಿನ ಎಸ್‌ಎನ್‌ಆರ್ (ಗದ್ದಲದ ಎದುರು ಸಂಕೇತದ ಬಲ) ಬೇರೆ ಬೇರೆಯಾಗಿ. ಅದನ್ನು ಚೌಕುಳಿ ಹಾಳೆಯಲ್ಲಿ ಗೆರೆಯಾಗಿ ಎಳೆದೆ. ಎಡಗಡೆ ಎತ್ತರ, ಬಲಕ್ಕೆ ಹೋದಂತೆ ಇಳಿಜಾರು. ಮೇಲಿನ ಕಂಪನಾಂಕಗಳನ್ನು ತಾಮ್ರ ಹೆಚ್ಚು ನುಂಗುವುದರಿಂದ ಅದು ಸಹಜ. ಆದರೆ ಇಳಿಜಾರಿನ ನಡುವೆ ಒಂದು ತಗ್ಗು. 177 ಮತ್ತು 178ನೇ ಟೋನುಗಳು ಅಕ್ಕಪಕ್ಕದವಕ್ಕಿಂತ ಬಹಳ ಕೆಳಗೆ ಕೂತಿವೆ. ಪ್ರತಿ ಮಧ್ಯಾಹ್ನವೂ ಅಲ್ಲೇ, ಅದೇ ಎರಡು.

177ನ್ನು 4.3125ರಿಂದ ಗುಣಿಸಿದರೆ 763. 178ನ್ನು ಗುಣಿಸಿದರೆ 767 ದಾಟುತ್ತದೆ. ಇವೆರಡರ ನಡುವೆ 765.

765 ಕಿಲೋಹರ್ಟ್ಸ್! ಉತ್ತರ ಕರ್ನಾಟಕದಲ್ಲಿ ರೇಡಿಯೋ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಆಕಾಶವಾಣಿ ಧಾರವಾಡ. 1950ರಲ್ಲಿ ಶುರುವಾದ ಕೇಂದ್ರ, ಮೀಡಿಯಂ ವೇವಿನ ದೊಡ್ಡ ಪ್ರಸಾರ. ಇಲ್ಲಿಂದ ಎಪ್ಪತ್ತು-ಎಂಬತ್ತು ಕಿಲೋಮೀಟರ್. ನಮ್ಮ ಅಜ್ಜಿ ಕೃಷಿರಂಗ ಕೇಳುತ್ತಿದ್ದ ಅದೇ ಅಲೆ ಈಗ ನಮ್ಮ ಫೋನ್ ತಂತಿಗೆ ಹೊಕ್ಕು, ಐನೂರು ಟೋನುಗಳಲ್ಲಿ ಎರಡನ್ನು ತನ್ನದಾಗಿಸಿಕೊಂಡು ಕೂತಿದೆ.

ಮೈ ಜುಮ್ಮೆಂದಿತು. ಉಳಿದ ತಗ್ಗುಗಳನ್ನು ಹುಡುಕಿದೆ. 290ನೇ ಟೋನಿನಲ್ಲಿ ಒಂದು ಚಿಕ್ಕದು: 1251 ಕಿಲೋಹರ್ಟ್ಸ್, ಸಾಂಗ್ಲಿ. ಶಹಾಪುರ 1948ರ ವಿಲೀನದ ತನಕ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಆ ನಂಟು ಹೀಗೂ ಉಳಿದಿದೆ ಅನ್ನಬಹುದು. 298ರ ಆಸುಪಾಸಿನಲ್ಲಿ ಇನ್ನೊಂದು: 1287, ಪಣಜಿ.

ಪುಷ್ಯ, ರಾತ್ರಿ

ಅದೇ ಗೆರೆಯನ್ನು ಊಟವಾದ ಮೇಲೆ ಮತ್ತೆ ಎಳೆದೆ. ಮಧ್ಯಾಹ್ನ ಇಲ್ಲದ ತಗ್ಗುಗಳು ಎದ್ದಿವೆ. 142: ಬೆಂಗಳೂರಿನ 612. 167: ಚೆನ್ನೈನ 720. 171: ಹೈದರಾಬಾದಿನ 738. 242: ಮುಂಬೈಯ 1044. ಟ್ರಾನ್ಸಿಸ್ಟರ್ ಹಚ್ಚಿ ಮುಳ್ಳು ತಿರುಗಿಸಿದರೆ ಇವೇ ಕೇಂದ್ರಗಳು ಒಂದಾದ ಮೇಲೊಂದು, ಕೆಲವು ಸ್ಪಷ್ಟ, ಕೆಲವು ಅಲೆಯಲೆಯಾಗಿ.

ಸಂಜೆಯ ಒಗಟು ಬಿಡಿಸಿದಂತಾಯಿತು. ಹಗಲಿನಲ್ಲಿ ಸೂರ್ಯನ ಬಿಸಿಲಿಗೆ ವಾತಾವರಣದ ಮೇಲ್ಪದರದಲ್ಲಿ 'ಡಿ' ಪದರ ಎಂಬುದು ಹುಟ್ಟುತ್ತದೆ. ಮೇಲಕ್ಕೆ ಹೋದ ಮೀಡಿಯಂ ವೇವನ್ನು ಅದು ಹೀರಿಬಿಡುತ್ತದೆ. ಹಾಗಾಗಿ ಹಗಲಲ್ಲಿ ನೆಲಕ್ಕೆ ಅಂಟಿ ಬರುವ ಹತ್ತಿರದ ಕೇಂದ್ರಗಳು ಮಾತ್ರ ಕೇಳುತ್ತವೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಇದು ಹಳೇ ರೇಡಿಯೋ ಕೇಳುಗರಿಗೆಲ್ಲ ಗೊತ್ತು. ರಾತ್ರಿ ದೂರದ ಕೇಂದ್ರಗಳು ಚೆನ್ನಾಗಿ ಹಿಡಿಯುತ್ತಿದ್ದವು ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಅದೇ ಕಾರಣಕ್ಕೆ ನಮ್ಮ ಮೋಡೆಮ್ಮಿನ ಮಾರ್ಜಿನ್ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತದೆ. ಕೇಂದ್ರಗಳು ಪ್ರಸಾರ ಮುಗಿಸಿ ಮಲಗಿದ ಮೇಲೆ ಸ್ವಲ್ಪ ಏರುತ್ತದೆ.

ಆಶ್ಲೇಷಾ

ಆದರೆ ತಂತಿ ರೇಡಿಯೋ ಹಿಡಿಯಬಾರದು. ಎರಡು ತಂತಿ ಒಂದಕ್ಕೊಂದು ಹೊಸೆದಿದ್ದರೆ ಹೊರಗಿನ ಅಲೆ ಎರಡಕ್ಕೂ ಸಮನಾಗಿ ತಾಗಿ ಒಂದನ್ನೊಂದು ಕಳೆಯುತ್ತದೆ. ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ನೆಲದಡಿಯ ಕೇಬಲಿನ ಪೇರ್‌ಗಳು ಹೊಸೆದವೇ, ನಾನೇ ಕಣ್ಣಾರೆ ಕಂಡೆ. ಹಾಗಾದರೆ ಎಲ್ಲಿಂದ ಹೊಕ್ಕಿತು?

ತಲೆ ಎತ್ತಿ ನೋಡಿದರೆ ಉತ್ತರ ಗಲ್ಲಿಯ ಮೇಲೇ ತೂಗುತ್ತಿದೆ. ಡಿಪಿಯಿಂದ ಮನೆಗೆ ಬಂದ ಡ್ರಾಪ್ ವೈರ್ ಚಪ್ಪಟೆ. ಎರಡು ತಂತಿ ಅಕ್ಕಪಕ್ಕ ಸಾಗಿವೆ, ಹೊಸೆದಿಲ್ಲ. ಮನೆಯೊಳಗೂ ಅಂಥದ್ದೇ ಚಪ್ಪಟೆ ತಂತಿ ಬಾಗಿಲ ಚೌಕಟ್ಟು ಸುತ್ತಿ, ಮೊಳೆ ಹೊಡೆಸಿಕೊಂಡು, ಅಟ್ಟದ ಮೇಲೆ ಸುರುಳಿಯಾಗಿ ಬಿದ್ದಿದೆ. ಒಳ್ಳೇ ಆಂಟೆನಾ.

ಮನೆಯೊಳಗಿನದನ್ನು ಕಿತ್ತು ಹೊಸೆದ ತಂತಿ ಎಳೆದೆ. ಖಡೇಬಜಾರದ ಇಲೆಕ್ಟ್ರಿಕ್ ಅಂಗಡಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ, ಅದರೊಳಗಿನ ನಾಲ್ಕು ಜೋಡಿಯಲ್ಲಿ ಒಂದು ಸಾಕು. ಸ್ಪ್ಲಿಟರನ್ನು ತಂತಿ ಮನೆ ಹೊಗುವಲ್ಲೇ ಕೂರಿಸಿದೆ. ಆವತ್ತು ರಾತ್ರಿ ಮಾರ್ಜಿನ್ 17. ಧಾರವಾಡದ ತಗ್ಗು ಇದೆ, ಆದರೆ ಅರ್ಧದಷ್ಟು ತುಂಬಿಕೊಂಡಿದೆ.

ಮಘಾ, ಕರೆಂಟು ಹೋದ ಸಂಜೆ

ಮಾರ್ಜಿನ್ ವಿಷಯ ತಿಳಿಯಿತು, ಸಿಆರ್‌ಸಿ ವಿಷಯ ತಿಳಿದಿಲ್ಲ. ಎಫ್‌ಇಸಿ ಎಂದರೆ ತಪ್ಪಾಗಿ ಬಂದರೂ ಮೋಡೆಮ್ ತಾನೇ ತಿದ್ದಿಕೊಂಡದ್ದು. ಸಿಆರ್‌ಸಿ ಎಂದರೆ ತಿದ್ದಲಾಗದೆ ಬಿಟ್ಟದ್ದು. ಮೊದಲನೆಯದು ಲಕ್ಷ ದಾಟಿದರೂ ಚಿಂತೆಯಿಲ್ಲ, ಎರಡನೆಯದು ಏರಿದರೆ ಪುಟ ತಡವರಿಸುತ್ತದೆ. ಇನ್ನೊಂದು ಮಾತು: ಈ ಎಣಿಕೆ ಸಂಪರ್ಕ ಕೂಡಿದಾಗಿನಿಂದ ಶುರು. ಹಾಗಾಗಿ ಎಷ್ಟು ಹೊತ್ತಿನಿಂದ ಎಂಬುದನ್ನು ಬಿಟ್ಟು ಬರೀ ಸಂಖ್ಯೆ ಹೇಳಿದರೆ ಅರ್ಥವಿಲ್ಲ. ಒಂಬೈನೂರು ಸಿಆರ್‌ಸಿ ಹದಿನೈದು ದಿನದಲ್ಲಿ ಬಂದರೆ ಏನೂ ಅಲ್ಲ, ಕಾಲು ತಾಸಿನಲ್ಲಿ ಬಂದರೆ ರೋಗ.

ನಮ್ಮಲ್ಲಿ ಅದು ಗುಂಪು ಗುಂಪಾಗಿ ಬರುತ್ತದೆ. ಹತ್ತು ನಿಮಿಷ ಏನಿಲ್ಲ, ಒಮ್ಮೆಗೇ ಐವತ್ತು. ಮಾರ್ಜಿನ್ 19 ಇರುವಾಗಲೂ!

ಇವತ್ತು ಕರೆಂಟು ಹೋಯಿತು. ಮೋಡೆಮ್ಮಿನ ಅಡಾಪ್ಟರಿನ ಮೇಲೆ 12 ವೋಲ್ಟ್ ಡಿಸಿ ಎಂದು ಬರೆದಿದೆ. ಸ್ಕೂಟರಿನ ಬ್ಯಾಟರಿಯೂ 12 ವೋಲ್ಟ್. ಧನ-ಋಣ ಎರಡೆರಡು ಸಲ ನೋಡಿ ಜೋಡಿಸಿದೆ. ಯುಪಿಎಸ್ ಬೇಡ, ಅದರದ್ದೇ ಒಂದು ಗದ್ದಲ ಇರುತ್ತದೆ. ಎಕ್ಸ್‌ಚೇಂಜಿನ ಯಂತ್ರ ಅದರ ಬ್ಯಾಟರಿ ಮೇಲೆ ನಡೆಯುತ್ತಿತ್ತು, ಡಿಎಸ್‌ಎಲ್ ದೀಪ ಸ್ಥಿರವಾಯಿತು. ಗಲ್ಲಿಯೆಲ್ಲ ಕತ್ತಲು, ಮಗ್ಗಗಳ ಖಟಖಟ ಇಲ್ಲ.

ಸಿಆರ್‌ಸಿ ನಿಂತಲ್ಲೇ ನಿಂತಿತು. ಒಂದೂ ಏರಲಿಲ್ಲ. ಮಾರ್ಜಿನ್ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ, 17ರ ಹತ್ತಿರ. ಕರೆಂಟು ಬಂದ ಕೂಡಲೇ ಸಿಆರ್‌ಸಿ ಮತ್ತೆ ಗುಂಪಾಗಿ ಏರತೊಡಗಿತು.

ಅಂದರೆ ಇವೆರಡು ಬೇರೆ ಬೇರೆ ಸಾಕ್ಷಿಗಳು. ಎಡೆಬಿಡದೆ ಇರುವ ಗದ್ದಲವನ್ನು ಮಾರ್ಜಿನ್ ಹೇಳುತ್ತದೆ, ರೇಡಿಯೋ ಅಂಥದ್ದು. ಕ್ಷಣಮಾತ್ರದಲ್ಲಿ ಸಿಡಿದು ಹೋಗುವುದನ್ನು ಸಿಆರ್‌ಸಿ ಹೇಳುತ್ತದೆ. ಮಾರ್ಜಿನ್ ಒಂದನ್ನೇ ನೋಡಿ ಲೈನ್ ಚೆನ್ನಾಗಿದೆ ಎನ್ನುವುದೂ, ಸಿಆರ್‌ಸಿ ಒಂದನ್ನೇ ನೋಡಿ ಕೇಬಲ್ ಕೆಟ್ಟಿದೆ ಎನ್ನುವುದೂ ಎರಡೂ ಅರ್ಧ ಮಾತು.

ಆದರೆ ಕರೆಂಟಿನ ಜೊತೆ ಬಂದದ್ದು ಮಗ್ಗವೋ, ಬೀದಿದೀಪವೋ, ಯಾರದೋ ಮನೆಯ ಅಗ್ಗದ ಚಾರ್ಜರೋ?

ಹುಬ್ಬಾ

ಖಾನಾಪುರದಿಂದ ಅಕ್ಕ ಫೋನ್ ಮಾಡಿದ್ದಳು. ಅವಳ ಮನೆ ಊರ ಹೊರಗೆ, ಜಾಂಬೋಟಿ ರಸ್ತೆಯ ಕಡೆ. ಅವಳಿಗೂ ಪುಟ ತೆರೆಯುವುದು ಹೇಳಿಕೊಟ್ಟೆ. "ತಮ್ಮಾ, ಐವತ್ನಾಲ್ಕು ಅಂತ ಐತಿ. ಕಡಿಮಿ ಇದ್ರ ಚಲೋನೋ, ಹೆಚ್ಚಿದ್ರ ಚಲೋನೋ?"

ಅಟೆನ್ಯುಯೇಶನ್ 54 ಡೆಸಿಬೆಲ್! ಎರಡೂವರೆ ಲಕ್ಷದಲ್ಲಿ ಒಂದು ಪಾಲು ಉಳಿಯಿತು ಎಂದರ್ಥ. ನಾಲ್ಕು ಕಿಲೋಮೀಟರಿನಷ್ಟು ತಂತಿ. ಮಾರ್ಜಿನ್ 9. ವೇಗ 1024. ನಮ್ಮ ಲೈನಿನ ಮುಂದೆ ಏನೂ ಅಲ್ಲ ಅನ್ನಿಸುವ ಅಂಕಿಗಳು. ಆದರೆ ಸಿಆರ್‌ಸಿ? "ಏಳು," ಅಂದಳು. ಎಷ್ಟು ಹೊತ್ತಿನಿಂದ ಎಂದು ಓದಿಸಿದರೆ ಹದಿನೆಂಟು ದಿನದಿಂದ ಸಂಪರ್ಕ ಕಡಿದೇ ಇಲ್ಲ.

ಅಲ್ಲಿ ಕಾಡಿನ ಅಂಚು, ಮಗ್ಗವಿಲ್ಲ, ಒತ್ತೊತ್ತಿದ ಮನೆಗಳಿಲ್ಲ. ದೂರದ ತಂತಿ ನಿಧಾನವಾಗಿ, ನೆಮ್ಮದಿಯಾಗಿ ಕೆಲಸ ಮಾಡುತ್ತಿದೆ. ಅವಳ ಭಯವೆಲ್ಲ ಸಿಡಿಲಿನದು. ಮೋಡ ಗುಡುಗಿದರೆ ಫೋನಿನ ತಂತಿಯನ್ನೂ ಕಿತ್ತಿಡು, ಬರೀ ಪ್ಲಗ್ಗು ತೆಗೆದರೆ ಸಾಲದು ಎಂದು ಹೇಳಿದೆ. ಸಿಡಿಲಿನ ಹೊಡೆತ ತಾಮ್ರದ ಮೂಲಕವೂ ಬರುತ್ತದೆ.

ಖಂಡೆ ಪೂಜೆ

ಕಾಯುತ್ತಿದ್ದ ದಿನ. ಇವತ್ತು ಮಗ್ಗ ತೊಳೆದು, ಕುಂಕುಮ ಹಚ್ಚಿ, ಬಾಳೆಕಂಬ ಕಟ್ಟಿ, ಕಾಯಿ ಒಡೆಯುತ್ತಾರೆ. ಯಾರೂ ನೇಯುವುದಿಲ್ಲ. ಆದರೆ ಕರೆಂಟು ಇದೆ, ಬೀದಿದೀಪ ಇವೆ, ಮನೆಮನೆಯಲ್ಲಿ ಟಿವಿ, ಫ್ರಿಜ್ಜು, ಚಾರ್ಜರು ಎಲ್ಲ ನಡೆಯುತ್ತಿವೆ. ಮಗ್ಗವೊಂದನ್ನೇ ತೆಗೆದು ನೋಡಲು ಇದಕ್ಕಿಂತ ಒಳ್ಳೆಯ ದಿನ ಸಿಗದು.

ಹಿತ್ತಿಲಾಚೆಯ ಶೆಡ್ಡಿಗೆ ಪ್ರಸಾದಕ್ಕೆ ಕರೆದಿದ್ದರು. ಹೋಗುವ ಮುಂಚೆ ಸಿಆರ್‌ಸಿ ಬರೆದಿಟ್ಟೆ, ಬಂದು ನೋಡಿದೆ. ಅಲ್ಪಸ್ವಲ್ಪ ಏರಿದೆ, ಗುಂಪಾಗಿ ಅಲ್ಲ, ಒಂದೆರಡು ಹನಿ ಹನಿಯಾಗಿ. ಸಂಜೆ ಮಾರ್ಜಿನ್ ಎಂದಿನಂತೆ ಇಳಿಯಿತು, ಎಂದಿನಷ್ಟೇ. ಧಾರವಾಡಕ್ಕೆ ರಜೆ ಇಲ್ಲವಲ್ಲ.

ನೇಕಾರ ಅಣ್ಣನಿಗೆ ಹಾಳೆ ತೋರಿಸಿದೆ. ಅವರು ಗಂಭೀರವಾಗಿ ನೋಡಿ, "ಹಂಗಾರ ನಮ್ಮ ಮಗ್ಗದ್ದ ತಪ್ಪೇನ್ರಿ?" ಎಂದರು. ತಪ್ಪಿನ ಮಾತೇ ಅಲ್ಲ. ಶೆಡ್ಡಿನ ಗೋಡೆಗೆ ತಾಗಿಕೊಂಡೇ ನಮ್ಮ ಡ್ರಾಪ್ ವೈರ್ ಬಂದಿದೆ, ಅದೇ ಸರಿಯಾದ ಜಾಗದಲ್ಲಿಲ್ಲ. ಒಂದು ಮೊಳ ಆಚೆ ಸರಿಸಿದರೂ ಬಹಳ ವ್ಯತ್ಯಾಸ ಆದೀತು. ಮಗ್ಗ ಹಚ್ಚುವ ಸ್ವಿಚ್ಚು ತೋರಿಸಿದರು. ಒಳಗಿನ ತಾಮ್ರದ ತುದಿಗಳು ಕಿಡಿಗೆ ಸುಟ್ಟು ಕಪ್ಪಾಗಿದ್ದವು. ಹೊಸದು ಹಾಕಿಸಬೇಕೆಂದು ಅವರೇ ಅಂದುಕೊಂಡಿದ್ದರಂತೆ, ಮೋಟಾರಿನ ಸಲುವಾಗಿ.

ಖಂಡೆ ಪೂಜೆಯ ಮರುವಾರ

ಕಾಕಾ ಬಂದು ಡ್ರಾಪ್ ವೈರನ್ನು ಶೆಡ್ಡಿನ ಗೋಡೆಯಿಂದ ಬಿಡಿಸಿ ಎದುರು ಕಂಬದ ಕಡೆಯಿಂದ ಎಳೆದರು. ಸ್ವಿಚ್ಚೂ ಬದಲಾಗಿದೆ. ಮಗ್ಗಗಳು ಜೋರಾಗಿ ನಡೆದಿವೆ, ದೀಪಾವಳಿಯ ಸೀರೆಯ ಕೆಲಸ. ಒಂದು ತಾಸಿಗೆ ಸಿಆರ್‌ಸಿ 4.

ಎರಡರಲ್ಲಿ ಯಾವುದರಿಂದ ಇಳಿಯಿತು ಎಂದು ಹೇಳಲಾರೆ. ಎರಡೂ ಒಂದೇ ದಿನ ಆದವು.

ಕಾಕಾ ಹೊರಡುವಾಗ ನನ್ನ ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. ಪಿಲ್ಲರಿನ ಆಚೆಯ ಮನೆಗಳಲ್ಲೂ ಸಂಜೆಯ ದೂರು ಇದೆಯಂತೆ, ಅವರಿಗೂ ಚಪ್ಪಟೆ ತಂತಿಯೇ. ಅಲ್ಲೂ ಅಂಕಿ ಬರೆದುಕೊಡುತ್ತೀರಾ ಎಂದು ಕೇಳಿದರು. ಬರೆಯುತ್ತೇನೆ ಅಂದೆ. ಮೆಟ್ಟಿಲಿಳಿಯುತ್ತ ತಿರುಗಿ, "ದೀಪಾವಳಿಗೆ ಎಲ್ಲಾರೂ ಸೀರಿಯಲ್ ಸೆಟ್ ಹಚ್ಚತಾರ್ರಿ. ಅವಾಗ ಎಫ್‌ಇಸಿ, ಸಿಆರ್‌ಸಿ ಎರಡೂ ಬರದಿಡ್ರಿ. ನನಗ ಪ್ರತಿ ವರ್ಷ ಆ ನಾಕ್ ದಿನ ಕಂಪ್ಲೇಂಟ್ ಬಾಳ ಬರ್ತಾವ," ಎಂದರು.

ಬಣ್ಣದ ದೀಪಗಳ ಸರಕ್ಕೆ ಪುಟ್ಟ ಪೆಟ್ಟಿಗೆಯೊಂದು ಇರುತ್ತದೆ, ಮಿನುಗಿಸಲು. ಅದರದ್ದು ಎಡೆಬಿಡದ ಗದ್ದಲವೋ, ಸಿಡಿದು ಹೋಗುವುದೋ? ಮಾರ್ಜಿನ್ ಇಳಿದರೆ ಮೊದಲನೆಯದು, ಸಿಆರ್‌ಸಿ ಗುಂಪಾಗಿ ಏರಿದರೆ ಎರಡನೆಯದು. ಚೌಕುಳಿ ಹಾಳೆ ಮುಗಿದಿದೆ, ನಾಥ ಪೈ ಸರ್ಕಲ್‌ಗೆ ಹೋದಾಗ ತರಬೇಕು.